ಹೇಳಿದ್ದನ್ನು ತಿರುಗಿ ಹೇಳು

ಮಡಕಶಿರ,
೧೨-೯-೧೯೪೪, ಮಂಗಳವಾರ

ಪ್ರೀತಿಯ ತಮ್ಮ ಮುದ್ದಪ್ಪನಿಗೆ ಅಕ್ಕ ಆದಿಲಕ್ಷ್ಮಿಯ ಆಶೀರ್ವಾದಗಳು.

ಹೇಗಿದ್ದೀಯ? ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ? ಎರಡೂ ಇಲ್ಲ ಎಂದು ಬೊಮ್ಮಣ್ಣ ಹೇಳಿಬಿಟ್ಟಿದ್ದಾನೆ, ಆದ್ದರಿಂದ ಸುಳ್ಳು ಬರೆಯುವ ಶ್ರಮ ತೆಗೆದುಕೊಳ್ಳಬೇಡ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ ಎಂದುಕೋ. ನಿನ್ನ ಹೆಂಡತಿ ಕಾಟಮ್ಮನಿಗೆ ಏಳನೇ ತಿಂಗಳು ನಡೆಯುತ್ತಿದೆ. ಕಾಲು ಸ್ವಲ್ಪ ಊದಿದೆ. ಹುಣಸೆಹಣ್ಣು ತಿನ್ನಬೇಡ ಎಂದರೆ ಮೊನ್ನೆಮೊನ್ನೆಯವರೆಗೂ ಕದ್ದು ತಿನ್ನುತ್ತಿದ್ದಳು. ನಮ್ಮ ಮಾವನವರಿಗೆ ಕೆಮ್ಮು, ಕೆಮ್ಮಿಗಿಂತ ಹೆಚ್ಚಾಗಿ ಕೋಪ. ನಿಮ್ಮ ಭಾವ ಕಡಲೆಕಾಯಿ ಹೊಲ ಬಿಟ್ಟು ಬರುವುದೇ ಇಲ್ಲ. ರೇಷ್ಮೆ ಹುಳುಗಳು ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದಿವೆ, ತಟ್ಟೆಗೆ ಸೊಪ್ಪು ಹಾಕಿದರೆ ಜಡಿಮಳೆ ಬಂದ ಹಾಗೆ ಸದ್ದು. ಈ ಸಲದ ಗೂಡೂ ಯುದ್ಧಕ್ಕೇ ಹೋಗುತ್ತದಂತೆ, ಆಕಾಶದಿಂದ ಇಳಿಯುವವರ ಕೊಡೆಗೆ. ನಮ್ಮ ಮನೆಯ ಹುಳು ನೂತ ನೂಲು ಯಾರ ಮಗನನ್ನೋ ಮೆತ್ತಗೆ ನೆಲಕ್ಕೆ ಇಳಿಸುವುದಾದರೆ ನನಗೆ ಸಂತೋಷವೇ.

ನಿನ್ನ ಜೊತೆ ಕೆಲಸ ಮಾಡುವ ಬೊಮ್ಮಣ್ಣ ರಜೆಯ ಮೇಲೆ ರಾಯದುರ್ಗಕ್ಕೆ ಹೋಗುವಾಗ ನಿನ್ನ ಕಾಗದ ಕೊಟ್ಟು ಹೋಗಿದ್ದ. ಅಂಚೆಯಲ್ಲಿ ಬಂದಿದ್ದರೆ ನಡುವೆ ಒಡೆದು ಓದುವ ದೊರೆಗಳು ಅರ್ಧಕ್ಕೆ ಮಸಿ ಬಳಿಯುತ್ತಿದ್ದರು. ಕೊನೆಯ ಸಾಲಿಗಾದರೂ ಬಳಿದಿದ್ದರೆ ಚೆನ್ನಾಗಿತ್ತು. "ಕಾಟಮ್ಮನನ್ನು ನೀನೇ ನೋಡಿಕೋ ಅಕ್ಕಾ. ನನ್ನ ದಾರಿ ಕಾಯಬೇಡಿ." ಅವಳಿಗೆ ಓದಿ ಹೇಳುವಾಗ ಆ ಸಾಲನ್ನು ನುಂಗಿಕೊಂಡೆ. ಅದರ ಬದಲು ನೀನು ಹುಣಸೆಹಣ್ಣು ತಿನ್ನಬೇಡ ಎಂದು ಬರೆದಿದ್ದೀಯ ಎಂದೆ. ಪಾಪ, ನಂಬಿದಳು. ಅವತ್ತಿನಿಂದ ತಿಂದಿಲ್ಲ.

ಯುಗಾದಿಗೆ ಬಂದಾಗ ನಿನ್ನ ಕೆಲಸ ಏನೆಂದು ನಮಗೆ ವಿವರಿಸಿದ್ದೆಯಲ್ಲ, ಜ್ಞಾಪಕವಿದೆಯೇ? ವಿಮಾನ ಮೇಲೆ ಹಾರುವಾಗಿನ ಭಯ ಎಲ್ಲರಿಗೂ ಗೊತ್ತು, ನೆಲದ ಮೇಲೆ ಉರುಳಿಕೊಂಡು ಹೋಗುವಾಗಿನ ಭಯ ನಮಗೆ ಮಾತ್ರ ಗೊತ್ತು ಎಂದೆ. ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತ ನೀನು ರೇಡಿಯೋದಲ್ಲಿ ಮೊದಲು ವಿಮಾನದ ಹೆಸರು ಹಿಡಿದು ಕರೆಯಬೇಕು. ಆಮೇಲೆ ನಿಲ್ಲು, ಬಾ, ದಾಟು ಎಂದು ಗೊತ್ತುಮಾಡಿದ ಮಾತಿನಲ್ಲೇ ಹೇಳಬೇಕು, ಒಂದು ಮಾತೂ ಹೆಚ್ಚಿಲ್ಲ. ಕೇಳಿಸಿಕೊಂಡವರು ಅದನ್ನು ಹಾಗೇ ತಿರುಗಿ ಹೇಳಬೇಕು. ಬರೀ ಸರಿ ಎಂದರೆ ಸಾಲದು. ಹಬ್ಬದ ದಿನವೆಲ್ಲಾ ಅದೇ ಆಟ. "ಅಕ್ಕಾ, ಅಡುಗೆಮನೆ ಬಾಗಿಲಲ್ಲಿ ನಿಲ್ಲು" ಎಂದು ನೀನು, "ಅಕ್ಕ, ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತೇನೆ" ಎಂದು ಹೋಳಿಗೆ ಹಿಡಿದುಕೊಂಡು ನಾನು. ಕಾಟಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

ಈಗ ನಡೆದದ್ದನ್ನು ನಿನ್ನ ಕಾಗದದಲ್ಲಿ ಓದಿದೆ. ಆ ದೊಡ್ಡ ಸಾಹೇಬರ ವಿಮಾನಕ್ಕೆ ನೀನು ನಿಲ್ಲಿ, ಇಳಿಯುವ ದಾರಿಗೆ ಬರಬೇಡಿ ಎಂದು ಹೇಳಿದ್ದೀಯ. ಅವರು ಸರಿ ಎಂದಷ್ಟೇ ಹೇಳಿದ್ದಾರೆ. ತಿರುಗಿ ಹೇಳಿ ಎಂದು ಅಂಥವರನ್ನು ಕೇಳಲು ನಿನಗೆ ಬಾಯಿ ಬರಲಿಲ್ಲ. ಅವರು ಬಂದೇಬಿಟ್ಟರು, ಮೇಲಿನಿಂದ ಇಳಿಯುತ್ತಿದ್ದ ವಿಮಾನ ಬಂದು ಬಡಿಯಿತು. ಸಾಹೇಬರಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ರೆಕ್ಕೆಯ ಪಕ್ಕ ನಡೆಯುತ್ತಾ ದಾರಿ ತೋರಿಸುತ್ತಿದ್ದ ಕಡಪೆಯ ಮೆಕ್ಯಾನಿಕ್ ಅಲ್ಲೇ ಹೋದ. ಮುದ್ದಪ್ಪ, ಅವನಿಗೂ ಒಬ್ಬಳು ಅಕ್ಕ ಇದ್ದಾಳೋ ಏನೋ. ಸಂಜೆ ದೀಪ ಹಚ್ಚುವಾಗ ಅವನಿಗಾಗಿ ಬೇಡಿಕೊಳ್ಳುತ್ತಿದ್ದೇನೆ, ಹೆಸರು ಗೊತ್ತಿಲ್ಲದೆ ಕಡಪೆಯವನು ಎನ್ನುತ್ತಿದ್ದೇನೆ. ಅವನ ಹೆಸರು ಬರೆದು ಕಳಿಸು.

ನಿನ್ನ ತಪ್ಪೇ ಇಲ್ಲ ಎಂದು ನಾನು ಬೆನ್ನು ತಟ್ಟುವುದಿಲ್ಲ. ನೀನು ಕೇಳಬೇಕಿತ್ತು. ಆದರೆ ಅದು ಎಷ್ಟು ಕಷ್ಟ ಎಂದು ನನಗೆ ಗೊತ್ತು, ಯಾಕೆಂದರೆ ನೀನು ಹೋದ ಮೇಲೆ ಆ ಆಟವನ್ನು ನಾನು ಮಾವನವರ ಮೇಲೆ ಆಡಲು ಹೋದೆ. ಪಕ್ಕದವರ ಹೊಗೆಸೊಪ್ಪಿನ ಹೊಲಕ್ಕೆ ತಾಗಿದ ಸಾಲಿನ ಹಿಪ್ಪುನೇರಳೆ ತಿಂದರೆ ಹೊಗೆಸೊಪ್ಪಿನ ನಂಜು ಹತ್ತಿ ಹುಳು ಒಂದೂ ಉಳಿಯುವುದಿಲ್ಲವಲ್ಲ. ಆ ಸಾಲಿನ ಸೊಪ್ಪು ಕೊಯ್ಯಬೇಡಿ ಮಾವಾ ಎಂದೆ. ಹೂಂ ಎಂದರು. ನಾನು ಹೇಳಿದ್ದನ್ನು ಒಂದು ಸಲ ತಿರುಗಿ ಹೇಳಿ ಎಂದೆ. ಅಬ್ಬಾ! "ನಾನೇನ್ ಇಸ್ಕೂಲ್ ಹುಡ್ಗ ಏನಮ್ಮ, ಸೊಸೆ ಮುಂದೆ ಕೈಕಟ್ಕಂಡು ಪಾಠ ಒಪ್ಸಾಕೆ?" ಎಂದು ಎದುರಿಗಿದ್ದ ಮುದ್ದೆ ಬಿಟ್ಟು ಎದ್ದು ಹೋದರು. ಊರೆಲ್ಲಾ ನನ್ನನ್ನು ಬಾಯಿಬಡುಕಿ ಎಂದಿತು. ನಿಮ್ಮ ಭಾವನೂ ಮಾತು ಬಿಟ್ಟರು. ನಮ್ಮಲ್ಲಿ ಹಿರಿಯರು ಹೂಂ ಎಂದ ಮೇಲೆ ಮುಗಿಯಿತು, ಇನ್ನೊಂದು ಸಲ ಕೇಳಿದರೆ ಅದು ಅವಮಾನ. ಹಾಗೇ ಬೆಳೆದವನು ನೀನು, ನಾನೇ ಹಾಗೆ ಬೆಳೆಸಿದ್ದು. ಅಪ್ಪ ಅಮ್ಮ ಹೋದ ಮೇಲೆ ದೊಡ್ಡವರಿಗೆ ಎದುರಾಡಬೇಡ ಎಂದು ತಲೆಗೆ ಮೊಟಕಿ ಮೊಟಕಿ ಕಲಿಸಿದೆ. ಗೋಪುರ ಹತ್ತಿದ ತಕ್ಷಣ ಅದು ಇಳಿದುಹೋಗುತ್ತದೆಯೇ?

ಬೊಮ್ಮಣ್ಣ ನಿನ್ನೆ ರಾಯದುರ್ಗದಿಂದ ವಾಪಸು ಬಂದ. ಜಗಲಿಯ ಮೇಲೆ ಕೂತು ಬಾಯಿ ಬಿಟ್ಟ. "ಅಕ್ಕಾರ, ಅವ ಊಟಾನ ಬಿಟ್ಟಾನ್ರಿ. ರಾತ್ರಿ ನಿದ್ದೀನೂ ಮಾಡವಲ್ಲ. ಆ ಜಾಗಕ್ಕ ಹೋಗಿ ಒಬ್ಬನ ನಿಂದರತಾನ್ರಿ, ವಿಮಾನ ಇಳಿಯೂ ಹೊತ್ತಿನ್ಯಾಗ." ಅದನ್ನು ಕೇಳಿದ ಮೇಲೆ ನನಗೆ ಭಯ ಹೆಚ್ಚಾಯಿತು, ಕೋಪವೂ ಬಂತು. ಶುಕ್ರವಾರ ವಿಚಾರಣೆಯಂತೆ. ನೀನು ನಿಲ್ಲಿ ಎನ್ನಲೇ ಇಲ್ಲ ಎಂದು ಸಾಹೇಬರು ಹೇಳುತ್ತಿದ್ದಾರಂತೆ. ತಿರುಗಿ ಹೇಳಿ ಎಂದು ಕೇಳಿದೆ ಅಂತ ನೀನೂ ಒಂದು ಸುಳ್ಳು ಸೇರಿಸು ಎಂದು ಜೊತೆಯವರು ಹೇಳಿಕೊಡುತ್ತಿದ್ದಾರಂತೆ. ಬೇಡ. ನಡೆದದ್ದನ್ನು ನಡೆದ ಹಾಗೆ ಹೇಳು, ನಿಲ್ಲಿ ಎಂದದ್ದನ್ನೂ ಹೇಳು, ಕೇಳದೆ ಸುಮ್ಮನಿದ್ದದ್ದನ್ನೂ ಹೇಳು. ಕೆಲಸ ಹೋದರೆ ಹೋಗಲಿ. ಜೈಲು ಎಂದರೆ ನಿಮ್ಮ ಭಾವ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಸತ್ತವನ ಋಣ ಬದುಕಿ ತೀರಿಸುವಂಥದ್ದು, ಅವನ ಹಿಂದೆಯೇ ಹೋಗಿ ತೀರಿಸುವಂಥದ್ದಲ್ಲ.

ಅಂದಹಾಗೆ ಮಾವನವರು ಆ ಸಾಲಿನ ಸೊಪ್ಪು ಕೊಯ್ಯಲಿಲ್ಲ. ಮಾತು ಇನ್ನೂ ಬಿಟ್ಟಿದ್ದಾರೆ, ಆದರೆ ನಿನಗೆ ಆಶೀರ್ವಾದ ಬರೆ ಎಂದು ಗೋಡೆಯ ಕಡೆ ತಿರುಗಿ ಹೇಳಿದರು. ನಿಮ್ಮ ಭಾವನ ಆಶೀರ್ವಾದ ಬೇರೆ. ಕಾಟಮ್ಮ ಏನು ಬರೆಯಲಿ ಎಂದರೆ ನಾಚಿಕೊಂಡು ಒಳಗೆ ಹೋದಳು. ಅವಳ ನಮಸ್ಕಾರ ನಾನೇ ಸೇರಿಸಿದ್ದೇನೆ. ಬೆಟ್ಟದ ಮೇಲಿನ ದೇವರು ನಿನ್ನ ಕಡೆ ಕಣ್ಣಿಟ್ಟಿರಲಿ.

ನಿನ್ನ ಅಕ್ಕ,
ಆದಿಲಕ್ಷ್ಮಿ

ಮರೆತಿದ್ದೆ: ಇದ್ದಿಲಿನಲ್ಲಿ ಓಡುವ ಬಸ್ಸು ಹೊಗೆ ಬಿಡುತ್ತಾ ನಿಂತಿದೆ, ಬೊಮ್ಮಣ್ಣ ಅವಸರ ಮಾಡುತ್ತಿದ್ದಾನೆ. ಇಷ್ಟುದ್ದ ಬರೆದೂ ಹೇಳಬೇಕಾದದ್ದನ್ನು ಹೇಳಲು ನನಗೂ ಬಾಯಿ ಬರಲಿಲ್ಲ ನೋಡು. ಈಗ ನಿನ್ನ ಪದ್ಧತಿಯಲ್ಲೇ ಹೇಳುತ್ತೇನೆ. ಮುದ್ದಪ್ಪಾ, ಅಲ್ಲೇ ನಿಲ್ಲು. ಜೀವಕ್ಕೆ ಏನೂ ಮಾಡಿಕೊಳ್ಳಬೇಡ. ಊರಿಗೆ ಬಾ. ಇದನ್ನು ಒಂದು ಮಾತೂ ಬಿಡದೆ ನಿನ್ನ ಕೈಯಿಂದ ತಿರುಗಿ ಬರೆ. ವಿಳಾಸ ಬರೆದ ಕಾರ್ಡು ಇದರೊಳಗಿದೆ. ನೀನು ಬರೆಯುವ ತನಕ ಬೊಮ್ಮಣ್ಣ ಎದುರಿಗೆ ಕೂತಿರುತ್ತಾನೆ. ಬರೀ ಸರಿ ಎಂದು ಬರೆದರೆ ಹರಿದುಹಾಕು ಎಂದು ಅವನಿಗೆ ಹೇಳಿದ್ದೇನೆ. ಅದಕ್ಕೇ ಎರಡು ಕಾರ್ಡು ಇಟ್ಟಿದ್ದೇನೆ.