ಹಕ್ಕಲಿಗೆ ಯಾರೂ ಚೀಲ ಒಯ್ಯುವುದಿಲ್ಲ

ಜಿಲ್ಲೆಯ ಜೀವ ಕಾಯುವ ಮಾನ್ಯ ಹಿರಿಯ ಪೊಲೀಸ್ ಅಧಿಕಾರಿಗಳೇ,

ನನ್ನ ಅಕ್ಕ ಸಾಬವ್ವ ಕಳ್ಳಿಯಲ್ಲ. ಅವಳನ್ನು ಕೊಂದವನು ಇನ್ನೂ ಆರಾಮಾಗಿ ಓಡಾಡಿಕೊಂಡಿದ್ದಾನೆ. ಈ ಎರಡು ಮಾತು ಹೇಳಲು ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತೂ ಕೂತೂ ಬೆಂಚು ನುಣುಪಾಯಿತು, ನಿಮಗೆ ಅವಳ ನೆನಪಾಗಲಿಲ್ಲ. ಅದಕ್ಕೇ ಊರೆಲ್ಲ ಓದಲೆಂದು ಬರೆಯುತ್ತಿದ್ದೇನೆ.

ಕಳೆದ ಸುಗ್ಗಿಯಲ್ಲಿ ಮೂವರು ಹೆಂಗಸರು ಹಾಳು ಬಾವಿಗಳಲ್ಲಿ ಹೆಣವಾಗಿ ಸಿಕ್ಕರು. ಅಫಜಲಪುರ ತಾಲೂಕಿನ ಅತನೂರಿನಲ್ಲಿ ನನ್ನ ಅಕ್ಕ, ಜೇವರ್ಗಿ ಕಡೆ ಅಂದೋಲಾದಲ್ಲಿ ಗಂಗಾಬಾಯಿ, ಆಳಂದ ಕಡೆ ಇನ್ನೊಬ್ಬಾಕೆ. ಆಕೆಯ ಹೆಸರು ಬರೆಯಲಾರೆ. "ಕಳ್ಳಿ ಅಂತ ಒಮ್ಮೆ ಪೇಪರಿನಾಗ ಬಂದದರಿ, ಸಾಕು" ಎಂದು ಅವಳ ಅತ್ತೆ ಕೈಮುಗಿದಿದ್ದಾಳೆ. ಮೂವರೂ ಗಂಡನಿಲ್ಲದವರು. ರಾಶಿ ಮುಗಿದ ಹೊಲದಲ್ಲಿ ಉದುರಿದ ತೊಗರಿ ಆಯಲು, ಅಂದರೆ ಹಕ್ಕಲಿಗೆ, ಒಬ್ಬೊಬ್ಬರೇ ಹೋದವರು. ಮೂರೂ ಬಾವಿಗಳ ದಂಡೆಯ ಮೇಲೆ ತೊಗರಿ ತುಂಬಿದ ಒಂದೊಂದು ಚೀಲ. ಮೂರು ಠಾಣೆಗಳಲ್ಲೂ ಒಂದೇ ಷರಾ: ಕದ್ದು ಓಡುವಾಗ ಕಾಲು ಜಾರಿ ಬಿದ್ದು ಸಾವು.

ಮಾನ್ಯರೇ, ನಮ್ಮ ಸೀಮೆಯಲ್ಲಿ ಹಕ್ಕಲಿಗೆ ಯಾರೂ ಚೀಲ ಒಯ್ಯುವುದಿಲ್ಲ. ಆಯ್ದದ್ದು ಸೀರೆಯ ಉಡಿಯಲ್ಲೇ ಮನೆಗೆ ಬರಬೇಕು. ಉಡಿ ತುಂಬಿದರೆ ಹಕ್ಕಲು, ಚೀಲ ತುಂಬಿದರೆ ಕಳವು. ಇದು ಹೊಲದ ಕಾನೂನು, ನಿಮ್ಮದಕ್ಕಿಂತ ಹಳೆಯದು. ಅಕ್ಕನನ್ನು ಮೇಲೆತ್ತಿದಾಗ ಉಡಿಯ ಗಂಟು ಹಾಗೇ ಇತ್ತು, ಒಳಗೆ ನೆನೆದು ಉಬ್ಬಿದ ಕಾಳು. ಹಾಗಾದರೆ ದಂಡೆಯ ಮೇಲಿನ ಚೀಲ ಯಾರದು? ಉಡಿ ಕಟ್ಟಿಕೊಂಡು, ಮೇಲೊಂದು ಚೀಲ ಹೊತ್ತು ಓಡಲು ಅವಳೇನು ಟ್ರ್ಯಾಕ್ಟರೇ?

ಇದನ್ನೇ ಠಾಣೆಯ ಸಾಹೇಬರಿಗೆ ಕೇಳಿದೆ.

"ನಿಮ್ಮಕ್ಕ ಒಬ್ಬಾಕಿನೇ ಯಾಕ ಹೋಗಿದ್ಳು?" ಎಂದರು.

"ಒಬ್ಬಾಕಿ ಅಲ್ರಿ, ಹಸದ ಹೊಟ್ಟಿ ಜೋಡಿಗಿತ್ತು."

"ಭಾಳ ಶಾಣ್ಯಾ ಇದ್ದೀ. ಬಿ.ಎ. ಏನು?"

"ಹೌದ್ರಿ. ಕನ್ನಡ ಮೀಡಿಯಂ."

"ಅದಕ್ಕೇ ಕಥಿ ಕಟ್ಟಾಕತ್ತೀ."

ಕಥೆ ಕಟ್ಟಿದವನು ಕೊಂದವನು, ನಂಬಿದ್ದು ಠಾಣೆ. ಸಾಲಾಗಿ ಕೊಲ್ಲುವವನೆಂದರೆ ಕೆಂಗಣ್ಣಿನ ಹುಚ್ಚನೆಂದು ನಾವೆಲ್ಲ ತಿಳಿದಿದ್ದೇವೆ. ಇವನಿಗೆ ಎಂಥ ಹುಚ್ಚು? ಇವನೂ ಹಕ್ಕಲು ಆಯುತ್ತಾನೆ. ರಾಶಿಗೆ ಕೈ ಹಾಕುವುದಿಲ್ಲ. ಯಾರೂ ಲೆಕ್ಕಕ್ಕೆ ಹಿಡಿಯದ, ಬಿದ್ದರೆ ಯಾರೂ ಕೇಳದ ಕಾಳನ್ನೇ ನೋಡಿ ಆರಿಸುತ್ತಾನೆ. ಬಡವರ ಮರ್ಯಾದೆ ಅವನಿಗೆ ಗೊತ್ತು: ಹೆಣದ ಪಕ್ಕ ಚೀಲವಿಟ್ಟರೆ ಮನೆಯವರು ನಾಚಿ ಬಾಯಿ ಮುಚ್ಚುತ್ತಾರೆ. ನಿಮ್ಮನ್ನೂ ಬಲ್ಲ: ಕಳ್ಳಿ ಎಂದರೆ ಕಡತ ಮುಚ್ಚುತ್ತದೆ, ಕೊಲೆ ಎಂದರೆ ಕೆಲಸ ಹೆಚ್ಚುತ್ತದೆ. ತಾಲೂಕಿನ ಗಡಿ ನಿಮಗೆ, ಅವನಿಗೆ ಅದು ಬರೀ ನಡಿಗೆ. ಅವನ ಮನಸ್ಸು ನೀವು ಓದುವ ಮೊದಲೇ ಅವನು ನಿಮ್ಮದನ್ನು ಓದಿ ಮುಗಿಸಿದ್ದಾನೆ.

ಈಗ ಮತ್ತೆ ತೊಗರಿ ಒಣಗಿದೆ. ಅಕ್ಕನ ಮಗಳು ಮೈತ್ರಿ ಹಕ್ಕಲಿಗೆ ಹೊರಟಿದ್ದಾಳೆ. ಬ್ಯಾಡವ್ವ ಎಂದೆ. "ಕಳ್ಳಿ ಮಗಳಿಗೆ ಕೂಲಿಗೆ ಯಾರು ಕರೀತಾರ, ಮಾಮಾ? ಜೋಡಿಗೆ ಬಾ ಅಂದ್ರೂ ಯಾರೂ ಬರಂಗಿಲ್ಲ" ಎಂದಳು. ನೋಡಿದಿರಾ? ನಿಮ್ಮ ಒಂದು ಷರಾ ಅವಳನ್ನು ಒಂಟಿ ಮಾಡಿ, ಅವನ ಮುಂದಿನ ಕಾಳನ್ನು ಆರಿಸಿ ಕೊಟ್ಟಿದೆ.

ಮೂರು ಸಾವುಗಳನ್ನು ಒಂದೇ ಕೊಲೆ ತನಿಖೆಗೆ ಸೇರಿಸಿರಿ. ಮೂರು ಚೀಲಗಳನ್ನು ಒಂದೆಡೆ ಇಟ್ಟು ಯಾರವೆಂದು ವಿಚಾರಿಸಿರಿ. ಅದಕ್ಕೂ ಮೊದಲು, ಈ ಸಲದ ರಾಶಿ ಮುಗಿಯುವುದರೊಳಗೆ, ಕಳ್ಳಿ ಎಂಬ ಮಾತು ಹೊಡೆದುಹಾಕಿ ಊರೂರಿಗೆ ಡಂಗುರ ಸಾರಿಸಿರಿ.

ಇಂತಿ,
ಅಲ್ಲಿಯವರೆಗೆ ನಿಮ್ಮ ಬದಲು ಕೋಲು ಹಿಡಿದು ಸೋದರಸೊಸೆಯ ಹಿಂದೆ ಹೊಲ ತಿರುಗುವ,
ಧಮ್ಮಪಾಲ, ಬಿ.ಎ.
ಸಾಬವ್ವನ ತಮ್ಮ, ಅತನೂರ