ಪಗುಮೆಯ ಐದನೇ ದಿನ

ದೆಸ್ಸಿ
ಪಗುಮೆ ೧, ೨೦೧೭

ನನ್ನ ವೊಯಿನ್ಶೆತ್,

ಬೈದು ಬರೆದಿದ್ದೀಯ. ಬೈದಾದರೂ ಬರೆದೆಯಲ್ಲ, ನನಗೆ ಅಷ್ಟೇ ಸಾಕು. ಕೂಸಿಗೆ ಎಂಬತ್ತು ದಿನ ತುಂಬಿ ದೀಕ್ಷಾಸ್ನಾನವಾಗುವಾಗ ನಾನು ಬರುವುದು ಬೇಡವೆಂದಿದ್ದೀಯ. "ಮಗಳು ಹುಟ್ಟಿದ ದಿನ ಕೇಳಿದ್ರೆ ಬಾಗಿಲು ಹಾಕ್ಕೊಂಡು ಕೂರೋಳು, ಮೊಮ್ಮಗಳ ಹಬ್ಬಕ್ಕೆ ಯಾವ ಮುಖ ಹೊತ್ಕೊಂಡು ಬರ್ತೀಯಮ್ಮ?" ಎಂದು ಕೇಳಿದ್ದೀಯ. ಕೇಳಬೇಕಾದ ಮಾತೇ.

ನಮ್ಮ ಪಂಚಾಂಗದ ಹದಿಮೂರನೇ ತಿಂಗಳು ಪಗುಮೆಗೆ ಇರುವುದೇ ಐದು ದಿನ. ನಾಲ್ಕು ವರ್ಷಕ್ಕೊಮ್ಮೆ, ಸುವಾರ್ತೆ ಬರೆದ ಲೂಕನ ಹೆಸರಿನ ವರ್ಷದಲ್ಲಿ ಮಾತ್ರ, ಆರನೆಯದೊಂದು ಬರುತ್ತದೆ. ಅದೇ ನಿನ್ನ ದಿನವೆಂದು ಹೇಳಿ ಬೆಳೆಸಿದೆ. ಮೂವತ್ತು ವರ್ಷಕ್ಕೆ ನಿನಗೆ ಏಳೇ ಏಳು ಹುಟ್ಟುಹಬ್ಬ. ಮದುವೆಯಲ್ಲಿ ಓಣಿಯ ಹೆಂಗಸರು "ಅಯ್ಯೋ, ಆರು ವರ್ಷದ ಕೂಸಿಗೆ ಗಂಡನ್ನ ಹುಡುಕಿದ್ದಾರಲ್ಲೇ!" ಎಂದಾಗ ನೀನೂ ನಕ್ಕೆ. ನಾನು ಕಾಫಿ ಹುರಿಯುವ ನೆಪದಲ್ಲಿ ಒಳಗೆ ಹೋದೆ. ಚಿಕ್ಕವಳಿದ್ದಾಗ ಒಮ್ಮೆ "ಆರು ಇಲ್ದಿದ್ರೆ ಐದಕ್ಕೇ ಮಾಡಮ್ಮ" ಎಂದು ಹಟ ಹಿಡಿದಿದ್ದಕ್ಕೆ ಕೆನ್ನೆಗೆ ಹೊಡೆದೆ. ಆ ಏಟು ಇವತ್ತಿಗೂ ನನ್ನ ಕೈಯಲ್ಲೇ ಇದೆ.

ನಾನು ಸುಳ್ಳು ಹೇಳಿದೆ, ಮಗಳೇ. ನೀನು ಹುಟ್ಟಿದ್ದು ಐದರಂದೇ, ಬೆಳಿಗ್ಗೆ. ನಿನ್ನ ಹಿಂದೆಯೇ ನಿನ್ನ ತಮ್ಮನೂ ಬಂದ. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟ. ದೀಕ್ಷೆಯಾಗದ ಕೂಸು ನೋಡು, ಹೆಸರಿಲ್ಲ, ನಲವತ್ತನೇ ದಿನದ ಪ್ರಾರ್ಥನೆಯಿಲ್ಲ, ವರ್ಷದ ತಿಥಿಯೂ ಇಲ್ಲ. ನಿನ್ನ ಅಪ್ಪ ಅವನನ್ನು ಇಗರ್ಜಿಯ ಗೋಡೆಯಾಚೆ ಮಣ್ಣು ಮಾಡಿ ಬಂದು, "ಅಟ್ಸೆದೆ, ಇನ್ಮೇಲೆ ಇದರ ಮಾತು ಬೇಡ" ಎಂದರು. ಸಾಯುವವರೆಗೂ ಅವರು ಅವನ ಮಾತೆತ್ತಲಿಲ್ಲ.

ಎಲ್ಲರೂ ಮರೆತರೆ ಅವನಿಗೆ ಉಳಿಯುವುದಾದರೂ ಏನು? ಐದನೇ ದಿನವನ್ನು ಅವನಿಗೆ ಕೊಟ್ಟೆ, ಪ್ರತಿ ವರ್ಷ ಅಂದು ಬಾಗಿಲು ಹಾಕಿಕೊಂಡು ಅವನನ್ನು ನೆನೆದೆ. ನೀವು ಹುಟ್ಟಿದ ವರ್ಷ ಆರನೆಯದೊಂದಿತ್ತು, ಅದನ್ನು ನಿನಗಿಟ್ಟೆ. ಮರುವರ್ಷ ಅದು ಬರುವುದಿಲ್ಲವೆಂದು ಆ ಹಸಿ ಬಾಣಂತನದಲ್ಲಿ ಹೊಳೆಯಲೇ ಇಲ್ಲ. ಹೊಳೆದ ಮೇಲೂ ತಿದ್ದಲಿಲ್ಲ. ಸತ್ತವನಿಗಾಗಿ ಬದುಕಿದ್ದವಳನ್ನು ಅಳಿಸಿದೆ. ತಪ್ಪಾಯಿತು ವೊಯಿನ್ಶೆತ್.

ಈ ಸಲ ಐದಕ್ಕೆ ದೊಡ್ಡ ದಿಫೊ ರೊಟ್ಟಿ ಬೇಯಿಸಿ, ಬಾಗಿಲು ತೆರೆದಿಟ್ಟು, ನಿನ್ನ ಹೆಸರು ಹೇಳಿ ಓಣಿಗೆಲ್ಲ ಹಂಚುತ್ತೇನೆ. ದೀಕ್ಷಾಸ್ನಾನಕ್ಕೆ ಕರೆದರೆ ಬರುತ್ತೇನೆ. ಕರೆಯದಿದ್ದರೂ ಬಂದು ಇಗರ್ಜಿಯ ಅಂಗಳದಲ್ಲಿ ಹಿಂದೆ ಎಲ್ಲೋ ನಿಂತಿರುತ್ತೇನೆ, ನನ್ನನ್ನು ಮಾತಾಡಿಸಬೇಕಾಗಿಲ್ಲ.

ನಿಮ್ಮಿಬ್ಬರನ್ನೂ ಹೆತ್ತವಳು,
ಅಟ್ಸೆದೆ

ಮತ್ತೊಂದು ಮಾತು: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಹೆರಿಗೆ ಮಾಡಿಸಿದ ಜೆನೆಬೆಚ್ ಅತ್ತೆ ನಿಮ್ಮಿಬ್ಬರನ್ನೂ ಹಿಡಿದುಕೊಂಡು, "ಯಾರನ್ನ ಮೊದ್ಲು ಎದೆಗೆ ಹಾಕ್ಲಿ? ಬೇಗ ಹೇಳೇ" ಎಂದಳು. ನೀನು ಕಿರುಚಿ ಅಳುತ್ತಿದ್ದೆ. ಅವನು ಸುಮ್ಮನಿದ್ದ. ಸುಮ್ಮನಿದ್ದಾನಲ್ಲ, ಇವನು ಕಾಯುತ್ತಾನೆ ಅಂದುಕೊಂಡೆ.