ಜಿಪ್ಪಿನ ಬದಲು ಗುಂಡಿ

ಸೊಂಟ ಬಿದ್ದುಹೋಯ್ತು ಅಪ್ಪಾ, ಅದರ ಮೇಲೆ ಬಸ್ಸೂ ತಪ್ಪಿತು. ನಮ್ಮ ದೇಶದ ದುಡ್ಡಿನ ಬೆಲೆ ಇಳಿದಿದೆಯಲ್ಲ, ಅಲ್ಲಿಯ ಮಾಲು ಅಗ್ಗ ಅಂತ ಇಲ್ಲಿ ಪರದೇಶದಲ್ಲಿ ನಮ್ಮ ಅಂಗಡಿ ಓನರ್ ಎರಡರಷ್ಟು ಚರ್ಮದ ಚೀಲ ತರಿಸಿದ್ದಾನೆ. ಪೆಟ್ಟಿಗೆ ಇಳಿಸಿದ್ದೆಲ್ಲಾ ನಾನೇ.

ಬಿಚ್ಚಿ ನೋಡಿದ್ರೆ ಒಂದಕ್ಕೂ ಜಿಪ್ ಇಲ್ಲ, ಮರದ ಗುಂಡಿ! ಊರಲ್ಲಿ ಹೊಲಿಯೋರಿಗೆ ಹೊರಗಿಂದ ತರಿಸೋ ಜಿಪ್ ತುಟ್ಟಿಯಾಗಿರಬೇಕು. ನೀವು ಹೊರದೇಶಕ್ಕೆ ಚೀಲ ಹೊಲಿದು ಕಳಿಸುವಾಗ ಅಂತಿದ್ರಿ, "ದುಡ್ಡಿನ ಬೆಲೆ ಬೀಳಲಿ ಕಣೋ, ನಮ್ಮ ಮಾಲು ಏಳುತ್ತೆ. ಜಿಪ್ ತುಟ್ಟಿಯಾದ್ರೆ ಗುಂಡಿ ಹಾಕೋಣ." ನಾನು ನಕ್ಕಿದ್ದೆ. "ಗುಂಡಿ ಚೀಲ ಯಾರು ತಗೋತಾರೆ? ಹೊಲಿಗೆ ಮೆಷಿನ್ ಮಾರಿಬಿಡಿ" ಅಂದೆ. ಮಾರಿದ್ರಿ. ಆ ದುಡ್ಡಲ್ಲೇ ಇಲ್ಲಿಗೆ ನನ್ನ ಟಿಕೆಟ್ ಬಂತು.

ಇವತ್ತು ಓನರ್ ಒಂದು ಚೀಲ ಸವರಿ, "ಗುಂಡಿನೇ ಚೆಂದ, ಜಿಪ್ ಯಾರಿಗೆ ಬೇಕು?" ಅಂದ. ನಾನು ಪೆಟ್ಟಿಗೆ ಎಣಿಸ್ತಾ ನಿಂತೆ.

ನೀವು ತೀರ್ಕೊಂಡು ಎರಡು ವರ್ಷ ಆದ್ರೂ ಅಮ್ಮ ನಿಮ್ಮ ಫೋನ್ ನಂಬರ್ ಚಾಲೂ ಇಟ್ಕೊಂಡಿದ್ದಾಳೆ. ಅವಳ ಕಿವಿಗೆ ಬೀಳಬಾರದು ಅಂತ ಈ ವಾಯ್ಸ್ ಮೆಸೇಜ್ ರೆಕಾರ್ಡ್ ಮಾಡಿದ್ರೂ ಕಳಿಸಲ್ಲ. ರೇಡಿಯೋದಲ್ಲಿ ದುಡ್ಡಿನ ರೇಟ್ ಹೇಳುವಾಗ ಬೆರಳೆತ್ತಿ ಮನೆಯನ್ನೆಲ್ಲಾ ಸುಮ್ಮನಾಗಿಸ್ತಿದ್ರಲ್ಲ, ನಾಳೆ ಅದೇ ಹೊತ್ತಿಗೆ ಮತ್ತೆ ಮಾತಾಡ್ತೀನಿ, ಬೆಳಿಗ್ಗೆ ಏಳಕ್ಕೆ.